ಬಾಡಿಗೆಯಿಲ್ಲದ ಕೋಣೆಗೆ ತೆರುವ ಬಾಡಿಗೆ

ಸ್ವಂತ ಕ್ಲಿನಿಕ್ ತೆರೆಯಲು ಹೊರಟ ಯುವ ವೈದ್ಯರ ಪ್ರಶ್ನೆಗಳಿಗೆ, ತಾಲ್ಲೂಕು ಕೇಂದ್ರವೊಂದರಲ್ಲಿ ಬಹುಕಾಲದಿಂದ ಕ್ಲಿನಿಕ್ ನಡೆಸುತ್ತಿರುವ ಹಿರಿಯ ವೈದ್ಯರ ಉತ್ತರ.

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಗೆ ಯಾವ ದಾಖಲೆ ಬೇಕು, ವೈದ್ಯಕೀಯ ಪರಿಷತ್ತಿನ ನವೀಕರಣ ಯಾವಾಗ, ವೃತ್ತಿ ತೆರಿಗೆ ಎಷ್ಟು ಎಂದು ಕೇಳಿರುವವರಿಗೆ ಇಲ್ಲಿ ಉತ್ತರವಿಲ್ಲ. ಐದೂವರೆ ವರ್ಷ ವೈದ್ಯಕೀಯ ಓದಿದವರು ಒಂದು ಅರ್ಜಿ ನಮೂನೆಯನ್ನು ತಾವೇ ಓದಿಕೊಳ್ಳಬಲ್ಲರು. ಮುಂದಕ್ಕೆ ಹೋಗೋಣ.

ಪ್ರಶ್ನೆ: ಕ್ಲಿನಿಕ್‌ನಲ್ಲಿ ವೈದ್ಯರ ಕುರ್ಚಿ ಯಾವ ದಿಕ್ಕಿಗಿರಬೇಕು? ವಾಸ್ತು ನೋಡುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

ಉತ್ತರ: ಬಾಗಿಲಿನಿಂದ ಒಳಬರುವ ರೋಗಿಯ ನಡಿಗೆ ನಿಮಗೆ ಕಾಣುವ ದಿಕ್ಕಿಗೆ. ಪರೀಕ್ಷೆಯ ಮಂಚವನ್ನು ಗೋಡೆಗೆ ಒತ್ತರಿಸುವಾಗ, ರೋಗಿಯ ಬಲಬದಿಯಲ್ಲಿ ನೀವು ನಿಲ್ಲುವಷ್ಟು ಜಾಗ ಉಳಿಯಲಿ. ಬಾಕಿ ದಿಕ್ಕುಗಳ ವಿಚಾರ ನನಗೆ ತಿಳಿಯದು.

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಎರಡು ವರ್ಷದಿಂದ ಖಾಸಗಿ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ನಮ್ಮೂರ ಬಸ್ ನಿಲ್ದಾಣದ ಎದುರಿನ ಮೆಡಿಕಲ್ ಸ್ಟೋರ್ ಮಾಲೀಕರು ತಮ್ಮ ಅಂಗಡಿಗೆ ಅಂಟಿಕೊಂಡ ಕೋಣೆಯನ್ನು ಬಾಡಿಗೆ, ಅಡ್ವಾನ್ಸ್ ಏನೂ ಇಲ್ಲದೆ ಕೊಡಲು ಮುಂದೆ ಬಂದಿದ್ದಾರೆ. ಬೋರ್ಡು, ಮೇಜು, ಟೋಕನ್ ಕೊಡುವ ಹುಡುಗಿಯ ಸಂಬಳ ಎಲ್ಲ ಅವರದೇ. ನಾನು ಬರೆಯುವ ಔಷಧಿ ಚೀಟಿ ಅವರ ಅಂಗಡಿಗೆ ಹೋದರೆ ಸಾಕಂತೆ. ಮನೆಯವರು ಒಪ್ಪಿಕೋ ಎನ್ನುತ್ತಿದ್ದಾರೆ. ಏನು ಮಾಡಲಿ ಸರ್?

ಉತ್ತರ: ಬೇಡ.

ಊರಿನ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಬಾರಿಯೂ ‘ಅವರು ತುಂಬಾ ಒಳ್ಳೆಯವರು’ ಎಂಬ ಸಾಲು ಜೊತೆಗಿರುತ್ತದೆ. ಒಳ್ಳೆಯವರೇ ಇರಬಹುದು. ಆದರೆ ಅವರು ವ್ಯಾಪಾರಸ್ಥರು, ಅವರಿಗೆ ಲೆಕ್ಕ ಬರುತ್ತದೆ. ನೀವು ಹಾಕದ ಆ ಲೆಕ್ಕವನ್ನು ನಾನೇ ಹಾಕುತ್ತೇನೆ.

ಬಸ್ ನಿಲ್ದಾಣದ ಎದುರಿನ ಕೋಣೆ, ಹುಡುಗಿಯ ಸಂಬಳ, ವಿದ್ಯುತ್ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿ ಎಂದಿಟ್ಟುಕೊಳ್ಳಿ. ಸರ್ಕಾರ ಗರಿಷ್ಠ ದರ ಕಟ್ಟಿದ ಔಷಧಿಗಳಲ್ಲಿ ಚಿಲ್ಲರೆ ಅಂಗಡಿಯವರಿಗೆ 2013ರ ಬೆಲೆ ನಿಯಂತ್ರಣ ಆದೇಶ ಲೆಕ್ಕ ಹಿಡಿದಿರುವ ಲಾಭಾಂಶ ಶೇಕಡ 16. ಬರೀ ನಿಮ್ಮ ಮೇಲೆ ಹಾಕಿದ ಖರ್ಚು ಹುಟ್ಟಬೇಕಾದರೂ ನಿಮ್ಮ ಚೀಟಿಗಳಿಂದ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿಗೆ ಮೀರಿದ ವ್ಯಾಪಾರವಾಗಬೇಕು. ಹೊಸ ಕ್ಲಿನಿಕ್‌ಗೆ ದಿನಕ್ಕೆ ಹತ್ತು ರೋಗಿಗಳು ಬಂದರೆ ಪುಣ್ಯ. ತಿಂಗಳಿಗೆ 26 ದಿನ ಬಾಗಿಲು ತೆರೆದರೆ 260 ಚೀಟಿ. ಒಂದೊಂದು ಚೀಟಿಯೂ 600 ರೂಪಾಯಿ ಮೀರಬೇಕು!

ಈಗ ನೆಗಡಿ, ಮೈಕೈ ನೋವು, ಎರಡು ದಿನದ ಜ್ವರ ಎಂದು ಬಂದ ಅಡಿಕೆ ತೋಟದ ಕೂಲಿಯವನ ಚೀಟಿಯನ್ನು ನೋಡೋಣ. ಅವನಿಗೆ ಬೇಕಾದದ್ದು ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ, ಮತ್ತು ‘ಜ್ವರ ಬಿಡದಿದ್ದರೆ, ಉಸಿರು ಕಟ್ಟಿದರೆ ತಕ್ಷಣ ಬನ್ನಿ’ ಎಂಬ ಮಾತು. ಒಟ್ಟು ಮೂವತ್ತು ನಲವತ್ತು ರೂಪಾಯಿಯ ಖರ್ಚು. ಮೊದಲ ತಿಂಗಳು ನೀವು ಹಾಗೆಯೇ ಬರೆಯುತ್ತೀರಿ. ಎರಡನೆಯ ತಿಂಗಳು ಮಾಲೀಕರು ಸಂಜೆ ಚಹಾ ತರಿಸಿ, ‘ಡಾಕ್ಟ್ರೇ, ಜನ ಬರುತ್ತಿದ್ದಾರೆ, ಚೀಟಿ ಮಾತ್ರ ತೀರಾ ಚಿಕ್ಕದು’ ಎಂದು ನಗುತ್ತಾರೆ. ಆಮೇಲೆ ಚೀಟಿಯಲ್ಲಿ ಅಜಿತ್ರೋಮೈಸಿನ್ ಎಂಬ ಒಂದು ಆಂಟಿಬಯೋಟಿಕ್ ಸೇರುತ್ತದೆ. ಹೊಟ್ಟೆ ಉರಿಯದಿರಲೆಂದು ಪ್ಯಾಂಟೊಪ್ರಜೋಲ್. ಊತವೇ ಇಲ್ಲದವನಿಗೆ ಊತ ಇಳಿಸುವ ಮಾತ್ರೆ. ಕೊನೆಗೆ ಶಕ್ತಿಗೆಂದು ಒಂದು ಸಿರಪ್ಪು. ಆ ಸಿರಪ್ಪಿನ ಹೆಸರನ್ನು ನೀವು ಮೆಡಿಕಲ್ ಕಾಲೇಜಿನಲ್ಲಿ ಕೇಳಿರುವುದಿಲ್ಲ, ಬೇರೆ ಅಂಗಡಿಯಲ್ಲಿ ಅದು ಸಿಗುವುದೂ ಇಲ್ಲ. ಮಾಲೀಕರಿಗೆ ನಿಜವಾದ ಲಾಭ ಇರುವುದು ಅಲ್ಲೇ: ಮುದ್ರಿತ ಬೆಲೆಗೂ ಅವರು ಕೊಂಡ ಬೆಲೆಗೂ ಅಜಗಜಾಂತರವಿರುವ ಇಂಥ ಸರಕಿನಲ್ಲಿ. ಬಲವಂತ ಮಾಡಿ ಯಾರೂ ನಿಮ್ಮ ಕೈ ಹಿಡಿದು ಬರೆಸಲಿಲ್ಲ. ಋಣದಲ್ಲಿರುವವರಿಗೆ ಬಲವಂತ ಬೇಕಾಗುವುದೂ ಇಲ್ಲ.

ಇದಕ್ಕಿಂತ ನನ್ನನ್ನು ಹೆದರಿಸುವ ಸಂಗತಿ ಇನ್ನೊಂದಿದೆ. ಆ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ? ನೀವು ತಂಗಿಯ ಮದುವೆಗೆಂದು ನಾಲ್ಕು ದಿನ ಊರಲ್ಲಿರುವುದಿಲ್ಲ. ನಿಮ್ಮ ಹೆಸರು, ನೋಂದಣಿ ಸಂಖ್ಯೆ ಇರುವ ಬೋರ್ಡು ಹೊರಗೆ ತೂಗುತ್ತಿರುತ್ತದೆ. ಕೌಂಟರಿನ ಹುಡುಗ ‘ಸರ್ ಹೇಳಿದ್ದಾರೆ’ ಎನ್ನುತ್ತ ನಿಮ್ಮ ಹಳೆಯ ಚೀಟಿ ನೋಡಿಕೊಂಡು, ನಿಮ್ಮ ಮಂಚದ ಮೇಲೆಯೇ ರೋಗಿಯನ್ನು ಮಲಗಿಸಿ ಸೂಜಿ ಚುಚ್ಚುತ್ತಾನೆ. ರೋಗಿಗೆ ಅಲರ್ಜಿಯಾಗಿ ರಕ್ತದೊತ್ತಡ ಕುಸಿದರೆ ಜನ ಹುಡುಕಿಕೊಂಡು ಬರುವುದು ಹುಡುಗನನ್ನಲ್ಲ. ವೈದ್ಯರನ್ನೂ ಗ್ರಾಹಕ ರಕ್ಷಣಾ ಕಾನೂನಿನ ವ್ಯಾಪ್ತಿಗೆ ತಂದ ಸುಪ್ರೀಂ ಕೋರ್ಟ್ ತೀರ್ಪು 1995ರದು. ಅದು ತಿಳಿಯದೆ ಕ್ಲಿನಿಕ್ ತೆರೆಯುವವರು ಈಗಲೂ ಇದ್ದಾರೆ. ನಾನು ಅತಿಯಾಗಿ ಹೆದರುತ್ತೇನೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಹೆದರುತ್ತೇನೆ, ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ.

ನಿಯಮವೂ ನಿಮ್ಮ ಕಡೆಗಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಾವಳಿಯ ಪ್ರಕಾರ ಔಷಧಿ ಅಂಗಡಿಯ ಮೇಲೆ ವೈದ್ಯರ ಬೋರ್ಡು ಹಾಕುವುದು ಸಲ್ಲದು. ರೋಗಿಯನ್ನು ಕಳಿಸಿದ್ದಕ್ಕೆ ಪ್ರತಿಫಲ ಪಡೆಯುವುದೂ ನಿಷಿದ್ಧ. ನಗದಿನ ಬದಲು ಕೋಣೆಯ ರೂಪದಲ್ಲಿ ಬಂದರೆ ಅದು ಕಮಿಷನ್ ಅಲ್ಲವೆಂದು ವಾದಿಸುವ ಧೈರ್ಯ ನನಗಂತೂ ಇಲ್ಲ. ‘ಆ ನಿಯಮ ಹಳೆಯದಾಯಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಹೊರಟು ಅದೇ ತಿಂಗಳು ಅಮಾನತಿಗೆ ಹೋಯಿತು, 2002ರದೇ ಮತ್ತೆ ಜಾರಿಗೆ ಬಂತು. 2016ರ ತಿದ್ದುಪಡಿಯಂತೆ ಔಷಧಿಯನ್ನು ಜೆನೆರಿಕ್ ಹೆಸರಿನಲ್ಲಿ (ಕಂಪನಿಯ ಬ್ರಾಂಡಿನ ಹೆಸರಲ್ಲ, ಔಷಧದ ಮೂಲ ಹೆಸರು), ಓದಲು ಬರುವ ಅಕ್ಷರದಲ್ಲಿ ಬರೆಯಬೇಕು. ಜೆನೆರಿಕ್ ಹೆಸರಿನ ಚೀಟಿ ಹಿಡಿದ ರೋಗಿ ಯಾವ ಅಂಗಡಿಗೂ ಹೋಗಬಹುದು. ನಿಮ್ಮ ಮಾಲೀಕರಿಗೆ ಬೇಡವಾದದ್ದೂ ಅದೇ.

ಹಾಗಾದರೆ ಏನು ಮಾಡಬೇಕು? ಬಸ್ ನಿಲ್ದಾಣದ ಎದುರೇ ಬೇಕೆಂಬ ಹಟ ಬಿಡಿ. ಒಂದು ಬೀದಿ ಹಿಂದೆ, ನೆಲಮಹಡಿಯಲ್ಲಿ, ಶೌಚಾಲಯವಿರುವ ಸಣ್ಣ ಮಳಿಗೆ ಹಿಡಿಯಿರಿ. ಮುದುಕಿಯರು ಹತ್ತಲಾರದ ಮೆಟ್ಟಿಲು ಬೇಡ. ಬಾಡಿಗೆ ಕರಾರು ನಿಮ್ಮ ಹೆಸರಿನಲ್ಲಿರಲಿ, ಬಾಡಿಗೆ ಬ್ಯಾಂಕ್ ಮೂಲಕ ಹೋಗಲಿ. ಈಗಿನ ಕೆಲಸ ತಕ್ಷಣ ಬಿಡಬೇಡಿ. ಆಸ್ಪತ್ರೆಯವರು ಒಪ್ಪಿದರೆ ಸಂಜೆ ಐದರಿಂದ ಒಂಬತ್ತರವರೆಗೆ ಕುಳಿತುಕೊಳ್ಳಿ, ಸಂತೆಯ ದಿನ ಮಾತ್ರ ಬೆಳಗಿನಿಂದ. ಬೋರ್ಡಿನಲ್ಲಿ ಬರೆದ ಹೊತ್ತಿಗೆ ಒಬ್ಬ ರೋಗಿಯೂ ಇಲ್ಲದಿದ್ದರೂ ಅಲ್ಲಿರಿ, ಹಳ್ಳಿಯಿಂದ ಬಸ್ಸು ಹಿಡಿದು ಬಂದವರು ಬಾಗಿಲು ಮುಚ್ಚಿದ್ದನ್ನು ಒಮ್ಮೆ ನೋಡಿದರೆ ಮತ್ತೆ ಬರುವುದಿಲ್ಲ. ಆರು ತಿಂಗಳ ಬಾಡಿಗೆಯಷ್ಟು ಹಣ ಪಕ್ಕಕ್ಕಿಟ್ಟ ಮೇಲೆ ಉಳಿದದ್ದರಲ್ಲಿ ಸಾಮಾನು ಕೊಳ್ಳಿ. ಹವಾನಿಯಂತ್ರಕಕ್ಕಿಂತ ಮೊದಲು ಆಮ್ಲಜನಕದ ಸಿಲಿಂಡರ್, ನೆಬ್ಯುಲೈಜರ್, ಗ್ಲೂಕೋಮೀಟರ್. ಅಲರ್ಜಿಯಿಂದ ರಕ್ತದೊತ್ತಡ ಕುಸಿದಾಗ ಜೀವ ಉಳಿಸುವ ಅಡ್ರಿನಲಿನ್ ಆಂಪೂಲು ಸಿರಿಂಜಿನ ಸಮೇತ ಕೈಗೆಟುಕುವ ಡ್ರಾಯರಿನಲ್ಲಿರಲಿ. ಹೊಸ ಕ್ಲಿನಿಕ್‌ಗಳಿಗೆ ಹೋದಾಗ ನಾನು ಮೊದಲು ಎಳೆದು ನೋಡುವುದು ಆ ಡ್ರಾಯರನ್ನೇ. ಅಲ್ಲಿ ಹೆಚ್ಚಾಗಿ ಸಿಗುವುದು ಔಷಧಿ ಕಂಪನಿಯ ಪೆನ್ನುಗಳು.

ಮಾಲೀಕರಿಗೆ ನಮಸ್ಕಾರ ಹೇಳಿ ಬನ್ನಿ. ಅವರ ಅಂಗಡಿಯಲ್ಲಿ ಔಷಧಿ ಚೆನ್ನಾಗಿದ್ದರೆ ನಿಮ್ಮ ರೋಗಿಗಳು ಹೇಗೂ ಅಲ್ಲಿಗೇ ಹೋಗುತ್ತಾರೆ.

ಪ್ರಶ್ನೆ: ಔಷಧಿ ಅಂಗಡಿಯ ಗೊಡವೆಯೇ ಬೇಡವೆಂದು ನಾನೇ ಮಾತ್ರೆ ಕೊಡಬಹುದೇ? ಪರವಾನಗಿ ಬೇಕೇ?

ಉತ್ತರ: ನೀವು ನೋಡಿದ ನಿಮ್ಮದೇ ರೋಗಿಗೆ ಕೊಡಬಹುದು. ಔಷಧ ನಿಯಮಗಳ ‘ಕೆ’ ಅನುಸೂಚಿಯಲ್ಲಿ ಆ ವಿನಾಯಿತಿಯಿದೆ. ಕೌಂಟರ್ ಇಟ್ಟು ಮಾರುವಂತಿಲ್ಲ, ಬೇರೆ ವೈದ್ಯರ ಚೀಟಿಗೆ ಕೊಡುವಂತಿಲ್ಲ. ಖರೀದಿ ಬಿಲ್ಲುಗಳನ್ನು ಜೋಪಾನವಾಗಿಡಿ.

ಪ್ರಶ್ನೆ: ದಿನಕ್ಕೆ ನಾಲ್ಕೈದು ಸೂಜಿ ಮಾತ್ರ ಬಳಸುತ್ತೇನೆ. ಪುರಸಭೆಯ ಕಸದ ಗಾಡಿಗೆ ಹಾಕಿದರೆ ಆಗದೇ?

ಉತ್ತರ: ಆಗದು. ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚಲು ಒಂದು ಸೂಜಿ ಸಾಕು. ಸೂಜಿ ಬಿಳಿ ಡಬ್ಬಿಗೆ, ಸಿರಿಂಜು ಕೆಂಪು ಚೀಲಕ್ಕೆ, ರಕ್ತ ಮೆತ್ತಿದ ಹತ್ತಿ ಹಳದಿಗೆ, ಗಾಜಿನ ಆಂಪೂಲು ನೀಲಿಗೆ. ಹಾಸಿಗೆಯಿಲ್ಲದ ಕ್ಲಿನಿಕ್‌ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯನ್ನು ಒಮ್ಮೆ ಪಡೆದರೆ ಸಾಕು. ಇಷ್ಟಕ್ಕೂ ಸೋಮಾರಿತನವೆಂದರೆ ಏನು ಹೇಳಲಿ?

ಪ್ರಶ್ನೆ: ನಮ್ಮ ಬೀದಿಯಲ್ಲಿ ಪದವಿಯೇ ಇಲ್ಲದ ಒಬ್ಬರು ಬಂದವರಿಗೆಲ್ಲ ಸೂಜಿ, ಬಾಟಲಿ ಹಾಕುತ್ತಾರೆ. ನನ್ನ ರೋಗಿಗಳೂ ಅದನ್ನೇ ಕೇಳುತ್ತಾರೆ. ಹಾಕದಿದ್ದರೆ ಅಲ್ಲಿಗೇ ಹೋಗುತ್ತಾರೆ.

ಉತ್ತರ: ಹೋಗಲಿ. ಅವರು ಹಾಕುವ ‘ಪವರ್’ ಸೂಜಿಯಲ್ಲಿ ಹೆಚ್ಚಾಗಿ ಇರುವುದು ನೋವು ಅಡಗಿಸುವ ಡೈಕ್ಲೋಫೆನಾಕ್ ಮತ್ತು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್. ನೋವು, ಜ್ವರ ಒಂದು ದಿನ ಅಡಗುತ್ತವೆ, ಮಧುಮೇಹಿಯ ಸಕ್ಕರೆ ಏರುತ್ತದೆ, ಒಳಗಿನ ಸೋಂಕು ಮುಸುಕು ಹಾಕಿಕೊಂಡು ಬೆಳೆಯುತ್ತದೆ. ಸುಸ್ತಿಗೆಂದು ಏರಿಸುವ ಅರ್ಧ ಲೀಟರ್ ಬಾಟಲಿಯಲ್ಲಿ, ಅದು ಶೇಕಡ 5ರ ದ್ರಾವಣವಾದರೆ, ಇರುವುದು 25 ಗ್ರಾಂ ಗ್ಲೂಕೋಸ್. ಒಂದು ಬಾಳೆಹಣ್ಣು ತಿಂದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಇದನ್ನು ರೋಗಿಗೆ ಹೇಳಿ, ಕೆಲವರು ಕೇಳುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಊರಿನವರ ವಿರೋಧ ಕಟ್ಟಿಕೊಳ್ಳುವುದೇಕೆ ಎಂದು ಸುಮ್ಮನಿದ್ದು, ಆಮೇಲೆ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ನಾನು ಹೋಮಿಯೋಪತಿ ಓದಿದವನು. ತುರ್ತಿಗೆ ಆಂಟಿಬಯೋಟಿಕ್ ಕೊಡಬಹುದೇ?

ಉತ್ತರ: ಹಾಗೆ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿಯೇ ಅದನ್ನು ನಿರ್ಲಕ್ಷ್ಯ ಎಂದಿದೆ. ಕೊಡಬೇಡಿ.

ಪ್ರಶ್ನೆ: ತಿಂಗಳಿಗೆ ಐದು ಸಾವಿರ ಕೊಟ್ಟರೆ ಅಂತರ್ಜಾಲದಲ್ಲಿ ಐದು ನಕ್ಷತ್ರದ ಮೆಚ್ಚುಗೆಗಳನ್ನು ಬರೆಸಿಕೊಡುತ್ತೇವೆ ಎಂದು ಒಂದು ಸಂಸ್ಥೆಯವರು ಫೋನ್ ಮಾಡುತ್ತಿದ್ದಾರೆ.

ಉತ್ತರ: ಆ ಹಣದಲ್ಲಿ ಕಾಯುವವರಿಗೆ ಇನ್ನೊಂದು ಬೆಂಚು, ಒಂದು ಫ್ಯಾನು ಹಾಕಿಸಿ.