‘ನಿನ್ನ ಅಮ್ಮ ತಾನೆ’ ಅನ್ನುವವರಿಗೆ ಏನು ಹೇಳಲಿ?

ಪ್ರಶ್ನೆ: ಅಮ್ಮನಿಗೆ ಲಕ್ವ ಹೊಡೆದು ಆರು ವರ್ಷವಾಯಿತು. ನೋಡಿಕೊಳ್ಳಲು ನಾನು ಕೆಲಸ ಬಿಟ್ಟೆ. ನಮ್ಮಂಥವರಿಗೆ ಸರ್ಕಾರ ಏನಾದರೂ ಮಾಡಬೇಕು ಅಂದರೆ, ‘ನಿನ್ನ ಅಮ್ಮ ತಾನೆ, ಅದಕ್ಕೂ ಸಂಬಳ ಬೇಕಾ?’ ಅಂತ ಮನೆಯವರೇ ಕೇಳುತ್ತಾರೆ. ನಾನು ಕೇಳೋದು ತಪ್ಪಾ ಮೇಡಂ? ನಾನೊಬ್ಬಳು ಬರೆದರೆ ಯಾರು ಓದುತ್ತಾರೆ?

ಉತ್ತರ: ತಪ್ಪಲ್ಲಮ್ಮ, ಖಂಡಿತ ತಪ್ಪಲ್ಲ.

ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಹದಿನಾಲ್ಕು ತಿಂಗಳು ನಾನೇ ನೋಡಿಕೊಂಡೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಹತ್ತಿರ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ರಾತ್ರಿ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ಅಲಾರಂ. ಮಡಚಿದ ಬೆಡ್‌ಶೀಟನ್ನು ಮೈ ಕೆಳಗೆ ಹಾಸಿ, ಅದನ್ನು ಹಿಡಿದು ತಿರುಗಿಸುವುದು ಹೇಗೆ ಅಂತ ಡಿಸ್ಚಾರ್ಜ್ ದಿನ ನರ್ಸ್ ಒಬ್ಬರು ಎರಡು ನಿಮಿಷ ತೋರಿಸಿದರು. ನನಗೆ ಸಿಕ್ಕ ತರಬೇತಿ ಅಷ್ಟೇ. ಇದೇ ಕೆಲಸ ಆಸ್ಪತ್ರೆಯಲ್ಲಿ ಮಾಡಿದರೆ ಸಂಬಳ, ವಾರದ ರಜೆ, ಪಾಳಿ ಮುಗಿದ ಮೇಲೆ ನಿದ್ದೆ. ಮನೆಯಲ್ಲಿ ಮಾಡಿದರೆ ‘ಸುಮ್ನೆ ಮನೇಲಿದ್ದಾಳೆ’. ಅಮ್ಮನ ಮೇಲೆ ಪ್ರೀತಿ ಇದೆ ಅಂತ ನಿಮಗೆ ನಿದ್ದೆ ಬೇಡವಾ? ನಾಳೆ ನಿಮಗೆ ವಯಸ್ಸಾದಾಗ ಈ ಆರು ವರ್ಷದ ದುಡಿಮೆ ಯಾವ ಲೆಕ್ಕದಲ್ಲೂ ಇರುವುದಿಲ್ಲ, ಅದನ್ನು ಕೇಳುವುದು ಪ್ರೀತಿಗೆ ಬೆಲೆ ಕಟ್ಟಿದ ಹಾಗಲ್ಲ.

ಒಬ್ಬಳು ಬರೆದರೆ ಏನಾಗುತ್ತದೆ ಅಂದಿರಿ. ಬ್ರಿಟನ್ನಿನಲ್ಲಿ ಮೇರಿ ವೆಬ್‌ಸ್ಟರ್ ಅಂತ ಒಬ್ಬರಿದ್ದರು. ಚರ್ಚಿನಲ್ಲಿ ಪಾದ್ರಿ, ಮದುವೆಯಾಗಿರಲಿಲ್ಲ. ಅಪ್ಪ-ಅಮ್ಮನಿಗಾಗಿ ಕೆಲಸ ಬಿಟ್ಟವರು 1963ರಲ್ಲಿ ಪತ್ರಿಕೆಗಳಿಗೆ ತಮ್ಮ ಕಷ್ಟ ಬರೆದರು. ನಮ್ಮದೂ ಇದೇ ಕಥೆ ಅಂತ ಎಷ್ಟೋ ಹೆಣ್ಣುಮಕ್ಕಳು ಅವರಿಗೆ ಬರೆದರು, 1965ರಲ್ಲಿ ಸಂಘವೇ ಆಯಿತು, 1976ರಲ್ಲಿ ಸರ್ಕಾರ ಭತ್ಯೆ ಶುರು ಮಾಡಿತು. ಆದರೆ ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲ, ಅವರು ಹೇಗೂ ಮನೆಯಲ್ಲೇ ಇರುತ್ತಾರಲ್ಲ ಅಂತ! ಅಮ್ಮನನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದ ಜಾಕಿ ಡ್ರೇಕ್ ಎಂಬ ಗೃಹಿಣಿ ಯುರೋಪಿನ ನ್ಯಾಯಾಲಯದವರೆಗೂ ಹೋಗಿ, 1986ರಲ್ಲಿ ಅದನ್ನೂ ಬದಲಾಯಿಸಿದರು. ಜರ್ಮನಿಯಲ್ಲಂತೂ 1995ರಿಂದ ಆರೈಕೆಗೇ ಬೇರೆ ವಿಮೆ ಇದೆ. ಮನೆಯಲ್ಲಿ ನೋಡಿಕೊಳ್ಳುವವರ ಪಿಂಚಣಿಗೆ ಅದು ಹಣ ಕಟ್ಟುತ್ತದೆ, ಅವರು ರಜೆ ಹೋದರೆ ಬದಲಿ ವ್ಯಕ್ತಿಯ ಖರ್ಚಿಗೂ ಕೊಡುತ್ತದೆ.

ಈಗ ನೀವು ಮಾಡಬೇಕಾದ್ದು. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಎದ್ದಿರಿ, ಏನು ಮಾಡಿದಿರಿ, ಏನು ಬಿಟ್ಟಿರಿ. ‘ತುಂಬಾ ಕಷ್ಟ’ ಅಂದರೆ ಅಧಿಕಾರಿಗಳು ತಲೆ ಆಡಿಸಿ ಕಳಿಸುತ್ತಾರೆ, ‘ಮೂರು ಗಂಟೆ ರಾತ್ರಿ, ಶೀಟು ಬದಲಿಸಿದ್ದು’ ಅಂತ ಏಳು ದಿನ ಇದ್ದರೆ ಓದಲೇಬೇಕು. ನಿಮ್ಮಂಥ ಇನ್ನು ನಾಲ್ಕು ಮನೆಯವರ ಪುಟಗಳನ್ನೂ ಸೇರಿಸಿ, ನಿಮ್ಮ ಜನಪ್ರತಿನಿಧಿಗೆ ಕೊಡಿ. ಒಂದೇ ಬೇಡಿಕೆ ಇಡಿ. ನನ್ನನ್ನು ಕೇಳಿದರೆ ದುಡ್ಡಿಗಿಂತ ಮೊದಲು ಬದಲಿ ವ್ಯಕ್ತಿಯನ್ನು ಕೇಳಿ ಅಂತೀನಿ, ವಾರಕ್ಕೆ ಒಂದು ದಿನವಾದರೂ. ಸುಸ್ತಾಗಿ ಬಿದ್ದವರು ಹೋರಾಟ ಮಾಡಲಾರರು.

ಪ್ರಶ್ನೆ: ಅಪ್ಪನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ರಜೆಯೆಲ್ಲ ಮುಗಿದಿದೆ. ಇಂಥ ರಜೆಗೆ ಎಲ್ಲಾದರೂ ಕಾನೂನು ಇದೆಯಾ?

ಉತ್ತರ: ಇದೆ. ಯುರೋಪಿಯನ್ ಒಕ್ಕೂಟದ 2019ರ ನಿಯಮದಲ್ಲಿ ವರ್ಷಕ್ಕೆ ಐದು ದಿನ, ನಿಮಗೆ ಎರಡು ವಾರಕ್ಕೂ ಸಾಲದು. ಅಮೆರಿಕದ 1993ರ ಕಾನೂನಿನಲ್ಲಿ 12 ವಾರ, ಆದರೆ ಸಂಬಳ ಇಲ್ಲ, ಸಣ್ಣ ಕಂಪನಿಗಳಿಗೆ ಅನ್ವಯವೂ ಆಗಲ್ಲ. ಅದರಲ್ಲಿ ಒಂದು ಒಳ್ಳೆಯ ಅಂಶ ಮಾತ್ರ ಇದೆ: ಅಷ್ಟನ್ನೂ ಒಂದೇ ಸಲ ತೆಗೆದುಕೊಳ್ಳಬೇಕಿಲ್ಲ, ಗಂಟೆ ಲೆಕ್ಕದಲ್ಲಿ ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದು. ನಿಮಗೆ ಬೇಕಿರೋದು ಅದೇ ಅಲ್ವಾ? ಮೊದಲು ನಿಮ್ಮ ಆಫೀಸಿನಲ್ಲಿ ಅದನ್ನೇ ಬರವಣಿಗೆಯಲ್ಲಿ ಕೇಳಿ, ಡಯಾಲಿಸಿಸ್ ವೇಳಾಪಟ್ಟಿ ಜೊತೆಗಿಡಿ. ಇಲ್ಲ ಅಂದರೆ ಅದನ್ನೂ ಬರವಣಿಗೆಯಲ್ಲೇ ಪಡೆಯಿರಿ. ಮುಂದೆ ಕಾನೂನು ಬೇಕು ಅಂತ ಕೇಳುವಾಗ ಆ ಕಾಗದ ಬೇಕಾಗುತ್ತದೆ.