ಸಂಪಾದಕರ ಉತ್ತರ: ಫ್ರಾಂಕ್ ಕಾಲ್ಡರ್ ಮತ್ತು ನಾಸ್ ಕಣಿವೆಯ ನೆಲದ ಮೊಕದ್ದಮೆ

ಮಾನ್ಯರೇ,

ಕೆನಡಾದ ಆದಿವಾಸಿ ನಾಯಕ ಫ್ರಾಂಕ್ ಕಾಲ್ಡರ್ ಅವರನ್ನು ಪರಿಚಯಿಸಿ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಪಕ್ಷಾಂತರ ಮಾಡಿದ, ಮಂತ್ರಿ ಪದವಿಯಿಂದ ತೆಗೆದುಹಾಕಲ್ಪಟ್ಟ, ಸುಪ್ರೀಂ ಕೋರ್ಟಿನಲ್ಲಿ ಮೊಕದ್ದಮೆ ಸೋತ, ಕೊನೆಗೆ ಚುನಾವಣೆಯನ್ನೂ ಸೋತ ಒಬ್ಬ ಪ್ರಾಂತೀಯ ಶಾಸಕರಿಗೆ ಅಷ್ಟೊಂದು ಪುಟಗಳನ್ನು ಏಕೆ ಕೊಟ್ಟಿರಿ, ಅವರು ತಮ್ಮ ಜನರಿಗೆ ಮಾಡಿಕೊಟ್ಟದ್ದಾದರೂ ಏನು ಎಂದು ಕೇಳಿದ್ದೀರಿ. ತಾವು ಹೇಳಿದ ಸಂಗತಿಗಳೆಲ್ಲವೂ ನಿಜ. ಅವುಗಳಿಂದ ತಾವು ಬಂದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಲೇಖನದಲ್ಲಿ ಸಂಕ್ಷೇಪವಾಗಿ ಬಂದಿದ್ದ ಕೆಲವು ವಿಷಯಗಳನ್ನು ಇಲ್ಲಿ ಬಿಡಿಸಿ ಹೇಳಿದರೆ ನನ್ನ ಕಾರಣ ತಮಗೆ ತಿಳಿದೀತು.

ಬ್ರಿಟಿಷ್ ಕೊಲಂಬಿಯಾ ಪ್ರಾಂತದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾ ಮತ್ತು ಯೂಕಾನ್‌ಗಳ ಗಡಿಗೆ ತಾಗಿಕೊಂಡಿದ್ದ ಆಟ್ಲಿನ್ ಕ್ಷೇತ್ರದಿಂದ ಕಾಲ್ಡರ್ ಮೊದಲ ಬಾರಿ ಗೆದ್ದದ್ದು 1949ರಲ್ಲಿ, ಸಿಸಿಎಫ್ ಎಂಬ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ. ಕ್ಷೇತ್ರದ ವಿಸ್ತಾರ ಬಲು ದೊಡ್ಡದು, ಜನ ಬಲು ಕಡಿಮೆ. ಆ ಪ್ರಾಂತದ ಆದಿವಾಸಿಗಳಿಗೆ ಪ್ರಾಂತೀಯ ಚುನಾವಣೆಯಲ್ಲಿ ಮತದಾನದ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ಭಾರತದಿಂದ ಹೋಗಿ ಅಲ್ಲಿ ನೆಲೆಸಿದವರಿಂದ 1907ರಲ್ಲಿ ಕಿತ್ತುಕೊಂಡಿದ್ದ ಮತವನ್ನು ಹಿಂದಿರುಗಿಸಿ ಆಗ ಎರಡೇ ವರ್ಷವಾಗಿತ್ತು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಮತ ಚಲಾಯಿಸಲು ಅವಕಾಶ ಸಿಕ್ಕ ಮೊದಲ ಚುನಾವಣೆಯಲ್ಲೇ ಸ್ಪರ್ಧಿಸಿ, ಕೆನಡಾದ ಕಾನೂನಿನಡಿ ‘ಇಂಡಿಯನ್’ ಎಂದು ನೋಂದಾಯಿತರಾದ ಆದಿವಾಸಿಗಳಲ್ಲಿ ಯಾವುದೇ ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾದ ಮೊದಲಿಗರು ಎನಿಸಿಕೊಂಡವರು ಅವರು. 1956ರಲ್ಲಿ ಸೋತು, 1960ರಲ್ಲಿ ಮರಳಿ ಗೆದ್ದು, 1979ರವರೆಗೆ ಸದಸ್ಯರಾಗಿದ್ದರು. ಒಟ್ಟು ಸುಮಾರು 26 ವರ್ಷಗಳ ಶಾಸಕತನ.

ಆದರೆ ಅವರ ಜನರಿಗೆ ಬೇಕಾಗಿದ್ದನ್ನು ಕೊಡುವ ಮನಸ್ಸು ಆ ಶಾಸನಸಭೆಗೆ ಇರಲಿಲ್ಲ. ನಾಸ್ ನದಿಯ ಕಣಿವೆಯ ನಿಸ್ಗಾ ಜನರು ತಮ್ಮ ನೆಲವನ್ನು ಯುದ್ಧದಲ್ಲಿ ಸೋತವರಲ್ಲ, ಒಪ್ಪಂದ ಬರೆದು ಬಿಟ್ಟುಕೊಟ್ಟವರೂ ಅಲ್ಲ. 1887ರಲ್ಲಿ ಅವರ ಮುಖಂಡರು ನೆರೆಯ ಸಿಮ್ಶಿಯನ್ ಮುಖಂಡರೊಂದಿಗೆ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ನೆಲದ ಬಗ್ಗೆ ಒಪ್ಪಂದ ಮಾಡಿಕೊಳ್ಳಿ ಎಂದು ಕೇಳಿದಾಗ ಪ್ರಾಂತದ ಪ್ರಧಾನಿ ವಿಲಿಯಂ ಸ್ಮಿತ್ ಅವರನ್ನು ಬರಿಗೈಯಲ್ಲಿ ಕಳುಹಿಸಿದರು. 1913ರಲ್ಲಿ, ಆಗ ಬ್ರಿಟಿಷ್ ಸಾಮ್ರಾಜ್ಯದ ಮೇಲ್ಮನವಿಗಳನ್ನು ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಮನವಿ ಹೋಯಿತು, ಅದರಿಂದಲೂ ಫಲ ದೊರೆಯಲಿಲ್ಲ. 1927ರಲ್ಲಿ ಕೆನಡಾ ಸರ್ಕಾರವು ಆದಿವಾಸಿಗಳ ನೆಲದ ಹಕ್ಕಿನ ಮೊಕದ್ದಮೆಗೆಂದು ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದನ್ನೇ ಅಪರಾಧವೆಂದು ಕಾನೂನಿನಲ್ಲಿ ಸೇರಿಸಿತು. ಆ ನಿಷೇಧ ಹೋದದ್ದು 1951ರಲ್ಲಿ. ಅಂದರೆ ಕಾಲ್ಡರ್ ಶಾಸಕರಾದ ಮೊದಲ ವರ್ಷಗಳಲ್ಲಿ ಅವರ ಊರಿನವರು ವಕೀಲರಿಗೆ ಕೊಡಲು ದುಡ್ಡು ಕೂಡಿಸಿದ್ದರೆ ಅದೂ ಶಿಕ್ಷಾರ್ಹವಾಗಿತ್ತು. ಇದನ್ನು ಬರೆಯುವಾಗ ಇಂದಿಗೂ ನನಗೆ ಸಿಟ್ಟು ಬರುತ್ತದೆ.

ಕಾಲ್ಡರ್ ಹುಟ್ಟಿದ್ದು 1915ರಲ್ಲಿ, ನಾಸ್ ಹಾರ್ಬರ್‌ನಲ್ಲಿ. ಅವರನ್ನು ದತ್ತು ತೆಗೆದುಕೊಂಡ ಮುಖಂಡ ಆರ್ಥರ್ ಕಾಲ್ಡರ್, ನೆಲದ ಹಕ್ಕಿನ ಸಭೆಯೊಂದರಲ್ಲಿ ಆ ಪುಟ್ಟ ಮಗುವನ್ನು ಮೇಜಿನ ಮೇಲೆ ನಿಲ್ಲಿಸಿ, ಈ ಹುಡುಗ ಬಿಳಿಯರ ವಿದ್ಯೆ ಕಲಿತು, ನಮ್ಮ ಕೈಯಲ್ಲಿ ಕದಲದ ಈ ಬೆಟ್ಟವನ್ನು ಕದಲಿಸುತ್ತಾನೆ ಎಂದು ಹಿರಿಯರಿಗೆ ಮಾತು ಕೊಟ್ಟರೆಂದು ನಿಸ್ಗಾ ಜನರು ಹೇಳುತ್ತಾರೆ. ಮುಂದೆ ಮಗುವನ್ನು ದೂರದ ಚಿಲ್ಲಿವ್ಯಾಕ್ ಬಳಿಯ ವಸತಿ ಶಾಲೆಗೆ ಕಳುಹಿಸಿದರು. 1946ರಲ್ಲಿ ಕಾಲ್ಡರ್ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಗ್ಲಿಕನ್ ದೇವತಾಶಾಸ್ತ್ರ ಕಾಲೇಜಿನ ಪದವಿ ಪಡೆದರು. ಅಂದರೆ ಅವರು ರಾಜಕೀಯಕ್ಕೆ ಬಂದದ್ದೇ ಹಿರಿಯರು ಹೊರಿಸಿದ ಒಂದು ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡು. ಅವರ ಬದುಕಿನ ಉಳಿದ ಭಾಗವನ್ನು ನಾನು ಓದುವುದು ಈ ಹಿನ್ನೆಲೆಯಲ್ಲಿ.

ಆ ಕೆಲಸಕ್ಕೆ ಶಾಸನಸಭೆಯ ಸ್ಥಾನವೊಂದೇ ಸಾಲದೆಂಬುದನ್ನು ಅವರು ಬೇಗ ಅರಿತರು. 1955ರಲ್ಲಿ ನಿಸ್ಗಾ ಬುಡಕಟ್ಟು ಮಂಡಳಿಯನ್ನು ಕಟ್ಟಿ, 1974ರವರೆಗೆ ಅದರ ಅಧ್ಯಕ್ಷರಾಗಿದ್ದರು. ಗಿಟ್ಲಾಕ್ಸ್‌ಟಾಮಿಕ್ಸ್, ಗಿಟ್ವಿಂಕ್ಸಿಲ್ಕ್, ಲಾಕ್ಸ್‌ಗಾಲ್ಟ್ಸಾಪ್, ಗಿಂಗೋಲ್ಕ್ಸ್ ಎಂಬ ನಾಲ್ಕು ಊರುಗಳನ್ನು, ಹದ್ದು, ಕಾಗೆ, ತೋಳ, ತಿಮಿಂಗಿಲ ಎಂಬ ನಾಲ್ಕು ಕುಲಗಳನ್ನು ಒಂದೇ ಸಭೆಗೆ ತರುವುದು ಸುಲಭದ ಮಾತಾಗಿರಲಿಲ್ಲ. ಮಿಷನರಿಗಳು ಬಂದ ಮೇಲೆ ಊರುಗಳು ಬೇರೆ ಬೇರೆ ಚರ್ಚ್‌ಗಳಿಗೆ ಹಂಚಿಹೋಗಿದ್ದವು. ಮರುವರ್ಷವೇ ಚುನಾವಣೆಯಲ್ಲಿ ಸೋತರೂ ಮಂಡಳಿಯ ಕೆಲಸ ನಿಲ್ಲಲಿಲ್ಲ ಎಂಬುದನ್ನು ತಾವು ಗಮನಿಸಬೇಕೆಂದು ನನ್ನ ಕೋರಿಕೆ.

ಇನ್ನು ತಾವು ಸೋಲೆಂದು ಕರೆದಿರುವ ಮೊಕದ್ದಮೆ. 1967ರಲ್ಲಿ ಅದನ್ನು ಹೂಡಿದಾಗ ಪರವಾಗಿ ವಾದಿಸಿದವರು ಥಾಮಸ್ ಬರ್ಗರ್ ಎಂಬ ಯುವ ವಕೀಲರು. ಹಣವನ್ನಾಗಲಿ, ಅಧಿಕಾರವನ್ನಾಗಲಿ ಅದರಲ್ಲಿ ಕೇಳಿರಲಿಲ್ಲ. ನಾಸ್ ಕಣಿವೆ, ಅಬ್ಸರ್ವೇಟರಿ ಇನ್ಲೆಟ್, ಪೋರ್ಟ್‌ಲ್ಯಾಂಡ್ ಕಾಲುವೆಗಳ ಸುತ್ತಲಿನ ನೆಲದ ಮೇಲೆ ನಿಸ್ಗಾ ಜನರಿಗಿದ್ದ ಹಕ್ಕನ್ನು ಯಾರೂ ಎಂದೂ ಕಾನೂನುಬದ್ಧವಾಗಿ ರದ್ದುಮಾಡಿಲ್ಲ ಎಂಬ ಒಂದು ಘೋಷಣೆಯನ್ನಷ್ಟೇ ಕೇಳಿದ್ದರು. ಸೋತರೆ ಎಲ್ಲ ಬುಡಕಟ್ಟುಗಳ ದಾರಿಯೂ ಮುಚ್ಚೀತು ಎಂಬ ಆತಂಕ ಇತರ ಆದಿವಾಸಿ ನಾಯಕರಲ್ಲಿತ್ತು. ಪ್ರಾಂತದ ಎರಡು ನ್ಯಾಯಾಲಯಗಳಲ್ಲಿ, 1969ರಲ್ಲಿ ಮತ್ತು 1970ರಲ್ಲಿ, ಸೋಲೇ ಆಯಿತು. ಕಾಲ್ಡರ್ ಸುಪ್ರೀಂ ಕೋರ್ಟಿಗೆ ಹೋದರು.

1973ರ ಜನವರಿ 31ರಂದು ಬಂದ ತೀರ್ಪನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೀಠದಲ್ಲಿದ್ದವರು ಏಳು ನ್ಯಾಯಮೂರ್ತಿಗಳು. ನಿಸ್ಗಾ ಜನರ ಹಕ್ಕು ಇತ್ತು, ಆದರೆ ವಸಾಹತು ಕಾಲದ ಶಾಸನಗಳಿಂದ ಅಳಿದುಹೋಗಿದೆ ಎಂದು ನ್ಯಾಯಮೂರ್ತಿ ಜಡ್ಸನ್ ಮತ್ತು ಅವರೊಂದಿಗೆ ಇಬ್ಬರು ಹೇಳಿದರು. ಹಕ್ಕು ಇತ್ತು, ಈಗಲೂ ಇದೆ ಎಂದು ನ್ಯಾಯಮೂರ್ತಿ ಹಾಲ್ ಮತ್ತು ಅವರೊಂದಿಗೆ ಇಬ್ಬರು ಹೇಳಿದರು. ಏಳನೆಯವರಾದ ಪಿಜನ್ ಮುಖ್ಯ ಪ್ರಶ್ನೆಗೆ ಕೈಹಾಕಲೇ ಇಲ್ಲ. ಆಗಿನ ನಿಯಮದಂತೆ ಪ್ರಾಂತದ ಮೇಲೆ ದಾವೆ ಹೂಡಬೇಕಾದರೆ ಆ ಪ್ರಾಂತದಿಂದಲೇ ಮೊದಲು ಅನುಮತಿ ಪಡೆಯಬೇಕಿತ್ತು, ಅದನ್ನು ಪಡೆದಿಲ್ಲ ಎಂಬ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಿದರು. ಆ ಒಂದು ಮತದಿಂದ ಮೊಕದ್ದಮೆ ಸೋತಿತು. ಆದರೆ ಹಕ್ಕಿನ ಪ್ರಶ್ನೆಗೆ ಉತ್ತರಿಸಿದ ಆರೂ ಜನರು, ಬಿಳಿಯರ ಕಾನೂನು ಬರುವ ಮುಂಚೆಯೇ ಈ ಜನಕ್ಕೆ ತಮ್ಮ ನೆಲದ ಮೇಲೆ ಹಕ್ಕಿತ್ತು, ಅದು ಯಾವ ಸರ್ಕಾರವೂ ಕರುಣಿಸಿದ್ದಲ್ಲ ಎಂಬುದನ್ನು ಒಪ್ಪಿದ್ದರು. ಕೆನಡಾದ ಅತ್ಯುನ್ನತ ನ್ಯಾಯಾಲಯದಲ್ಲಿ ಈ ಮಾತು ಅಷ್ಟು ಸ್ಪಷ್ಟವಾಗಿ ಬಂದದ್ದು ಅದೇ ಮೊದಲು.

ಇದರ ಪರಿಣಾಮ ತಕ್ಷಣ ಕಂಡಿತು. ಅದುವರೆಗೆ ಮೂಲನಿವಾಸಿ ಹಕ್ಕುಗಳ ಮಾತನ್ನೇ ಒಪ್ಪದಿದ್ದ ಕೆನಡಾ ಪ್ರಧಾನಿ ಪಿಯರ್ ಟ್ರೂಡೋ ಅವರ ಸರ್ಕಾರ, ಅದೇ ವರ್ಷದ ಆಗಸ್ಟ್‌ನಲ್ಲಿ ಸಚಿವ ಜೀನ್ ಕ್ರೆಟಿಯನ್ ಅವರ ಮೂಲಕ, ಒಪ್ಪಂದವಿಲ್ಲದ ನೆಲಗಳ ಬಗ್ಗೆ ಮಾತುಕತೆಗೆ ಸಿದ್ಧವೆಂದು ಪ್ರಕಟಿಸಿತು. 1982ರ ಸಂವಿಧಾನದಲ್ಲಿ ಆದಿವಾಸಿ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. 1992ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು ಅಲ್ಲಿನ ಮೂಲನಿವಾಸಿಗಳ ನೆಲದ ಹಕ್ಕಿನ ಮಾಬೋ ಪ್ರಕರಣವನ್ನು ತೀರ್ಮಾನಿಸುವಾಗಲೂ ಕಾಲ್ಡರ್ ತೀರ್ಪನ್ನು ಮುಂದಿಟ್ಟುಕೊಂಡಿತ್ತು. ಇಷ್ಟೆಲ್ಲ ಆದ ಮೊಕದ್ದಮೆಯನ್ನು ಬರಿಯ ಸೋಲೆಂದು ದಾಖಲಿಸುವುದು ನ್ಯಾಯವಲ್ಲ.

ಪಕ್ಷಾಂತರವನ್ನು ನಾನು ಸಮರ್ಥಿಸಲಾರೆ. 1972ರಲ್ಲಿ ಪ್ರಾಂತದ ಪ್ರಧಾನಿ ಡೇವ್ ಬ್ಯಾರೆಟ್ ಅವರ ಎನ್‌ಡಿಪಿ (ಸಿಸಿಎಫ್‌ನ ಉತ್ತರಾಧಿಕಾರಿ ಪಕ್ಷ) ಸರ್ಕಾರದಲ್ಲಿ ಖಾತೆಯಿಲ್ಲದ ಸಚಿವರಾಗಿದ್ದ ಕಾಲ್ಡರ್ ಅವರನ್ನು ಮರುವರ್ಷ, ಅವರ ವೈಯಕ್ತಿಕ ನಡತೆಗೆ ಸಂಬಂಧಿಸಿದ ಪ್ರಕರಣವೊಂದರಿಂದಾಗಿ, ಬ್ಯಾರೆಟ್ ಸಂಪುಟದಿಂದ ಕೈಬಿಟ್ಟರು. 1975ರಲ್ಲಿ ಅವರು ಎದುರು ಪಾಳಯವಾದ ಸೋಷಿಯಲ್ ಕ್ರೆಡಿಟ್ ಸೇರಿ, ಆ ಪಕ್ಷದಿಂದಲೇ ಗೆದ್ದರು. ಒಂದು ಪಕ್ಷದ ಮೇಲೆ ವಿಶ್ವಾಸವಿಟ್ಟು ಕಾಲು ಶತಮಾನದುದ್ದಕ್ಕೂ ಮತ ಹಾಕಿದವರಿಗೆ ಅದರಿಂದ ನೋವಾಗಿರಬೇಕು, ಆ ನೋವಿಗೆ ಕಾರಣವಿದೆ. 1979ರಲ್ಲಿ ಎನ್‌ಡಿಪಿಯ ಅಲ್ ಪ್ಯಾಸರೆಲ್ ಅವರೆದುರು ಒಂದೇ ಒಂದು ಮತದಿಂದ ಅವರು ಸೋತರು. ಆದರೂ ಪಕ್ಷ ಬದಲಿಸಿ 1975ರಲ್ಲಿ ಗೆದ್ದದ್ದು ಮತದಾರರ ಮುಂದೆ ಹೋಗಿಯೇ ಎಂಬುದನ್ನು, ಮತ್ತು ಆ ವೇಳೆಗೆ ನೆಲದ ಹಕ್ಕಿನ ಮೊಕದ್ದಮೆ ತೀರ್ಮಾನವಾಗಿ ಮಂಡಳಿಯ ಅಧ್ಯಕ್ಷತೆಯೂ ಬೇರೆಯವರ ಕೈ ಸೇರಿತ್ತು ಎಂಬುದನ್ನು ಜೊತೆಗಿಟ್ಟು ನೋಡಬೇಕು. ಪಕ್ಷ ಬಿಟ್ಟದ್ದರಿಂದ ನಿಸ್ಗಾ ಜನರ ದಾವೆಗೆ ಯಾವ ಹಾನಿಯೂ ಆಗಲಿಲ್ಲ.

ತಮ್ಮ ಪತ್ರದ ಕೊನೆಯಲ್ಲಿ, ಇಷ್ಟೆಲ್ಲ ಆದ ಮೇಲೆ ಆ ಜನರ ಕೈಗೆ ಬಂದದ್ದೆಷ್ಟು ಎಂದು ಕೇಳಿದ್ದೀರಿ. ಕೆನಡಾ ಸರ್ಕಾರದೊಂದಿಗೆ ಮಾತುಕತೆ ಆರಂಭವಾದದ್ದು 1976ರಲ್ಲಿ. ಪ್ರಾಂತವು ಮೇಜಿನ ಬಳಿ ಬಂದು ಕುಳಿತದ್ದು 1990ರಲ್ಲಿ. 1998ರಲ್ಲಿ ಒಪ್ಪಂದ ಸಿದ್ಧವಾಯಿತು, 2000ದ ಮೇ 11ರಂದು ಜಾರಿಗೆ ಬಂತು. ಸುಮಾರು 2,000 ಚದರ ಕಿಲೋಮೀಟರ್ ನೆಲ, ಅದರ ಕಾಡು ಮತ್ತು ಖನಿಜಗಳ ಒಡೆತನ, ನಾಸ್ ನದಿಯ ಸಾಲ್ಮನ್ ಮೀನಿನಲ್ಲಿ ನಿಗದಿತ ಪಾಲು, ತಮ್ಮದೇ ಕಾನೂನು ಮಾಡುವ ಸರ್ಕಾರ ಅವರಿಗೆ ದೊರೆತವು. ಪ್ರತಿಯಾಗಿ ತೆರಿಗೆ ವಿನಾಯಿತಿಯನ್ನು ಹಂತಹಂತವಾಗಿ ಬಿಟ್ಟುಕೊಟ್ಟರು. ಅವರು ತಮ್ಮದೆಂದು ಹೇಳುತ್ತಿದ್ದ ನೆಲದಲ್ಲಿ ಇದು ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ, ಆ ಕಾರಣಕ್ಕೆ ನಿಸ್ಗಾ ಜನರಲ್ಲೇ ಕೆಲವರು ಒಪ್ಪಂದವನ್ನು ವಿರೋಧಿಸಿದ್ದರು. ಅವರ ವಿರೋಧವನ್ನು ನಾನು ಗೌರವಿಸುತ್ತೇನೆ. ಆದರೂ ಒಪ್ಪಂದ ಜಾರಿಗೆ ಬರುವುದಕ್ಕೆ 113 ವರ್ಷಗಳ ಹಿಂದೆ ವಿಕ್ಟೋರಿಯಾದಿಂದ ಬರಿಗೈಯಲ್ಲಿ ಮರಳಿದ ಮುಖಂಡರು ಕೇಳಿದ್ದ ಒಪ್ಪಂದಕ್ಕೆ ಅದೇ ಪ್ರಾಂತ ಸಹಿ ಹಾಕಿತು, 84 ವರ್ಷದ ಕಾಲ್ಡರ್ ಅದು ಜಾರಿಗೆ ಬಂದುದನ್ನು ಕಂಡರು. ಅವರು ತೀರಿಕೊಂಡದ್ದು 2006ರ ನವೆಂಬರ್ 4ರಂದು.

ತಮ್ಮ ವಿಶ್ವಾಸಿ,
ಸಂಪಾದಕ