ಹೊಲದಲ್ಲಿ ವಿಂಡ್ ಫ್ಯಾನ್ ಹಾಕಲು ಜಮೀನು ಕೇಳುತ್ತಿದ್ದಾರೆ, ಕೊಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಯಲಬುರ್ಗಾ ತಾಲೂಕಿನಲ್ಲಿ 6 ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಇದೆ, ಅದರಲ್ಲಿ 2 ಎಕರೆ ಫ್ಯಾನಿಗೆ ಕೇಳುತ್ತಿದ್ದಾರೆ, ಏಜೆಂಟರು ಇಸಾರ (ಮುಂಗಡ ಹಣ) ಕೈಯಲ್ಲಿ ಹಿಡಿದು ಬಂದಿದ್ದಾರೆ, ಊರಲ್ಲಿ ಕೆಲವರು ಫ್ಯಾನ್ ಬಂದರೆ ಮಳೆ ಹೋಗುತ್ತದೆ ಅನ್ನುತ್ತಿದ್ದಾರೆ.

ಮಳೆಯ ಮಾತು ಮೊದಲು ಮುಗಿಸಿಬಿಡೋಣ. 140 ಮೀಟರ್ ಕಂಬ, 144 ಮೀಟರ್ ವ್ಯಾಸದ ಚಕ್ರ ಇರುವ ಯಂತ್ರದ ರೆಕ್ಕೆಯ ತುದಿ ನೆಲದಿಂದ 212 ಮೀಟರ್ ಮುಟ್ಟುತ್ತದೆ. ಮಳೆ ತರುವ ಮೋಡಗಳ ಎತ್ತರ, ಹರವಿನ ಮುಂದೆ ಇದು ಲೆಕ್ಕಕ್ಕಿಲ್ಲ. ನಮ್ಮ ಸೀಮೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಗಾಳಿ ಜೋರು, ಮಳೆ ಕಡಿಮೆ, ಎರಡೂ ಫ್ಯಾನ್ ಬರುವ ಮೊದಲಿನಿಂದ ಇದ್ದದ್ದೇ. ಕಂಪನಿಗಳು ಇಲ್ಲಿಗೆ ಬಂದದ್ದೂ ಆ ಗಾಳಿಗಾಗಿಯೇ.

ತೊಂದರೆ ಕೊಡುವುದು ತಿರುಗುವ ಫ್ಯಾನಿಗಿಂತ ಅದರ ದಾರಿ, ಅದರ ತಂತಿ, ಅದರ ಕಾಗದ. ಏಜೆಂಟರು ಮಾತ್ರ ಎಕರೆಗೆ ಎಷ್ಟು ಅನ್ನುವುದನ್ನು ಬಿಟ್ಟು ಇವುಗಳ ಸುದ್ದಿಗೇ ಬರುವುದಿಲ್ಲ.

ದಾರಿಯಿಂದ ಶುರು ಮಾಡುತ್ತೇನೆ, ಎರೆ ಹೊಲದಲ್ಲಿ ಅದೇ ದೊಡ್ಡ ವಿಷಯ. ಒಂದೊಂದು ರೆಕ್ಕೆ ಸುಮಾರು 70 ಮೀಟರ್ ಉದ್ದ, ಒಂದೇ ತುಂಡಾಗಿ ಟ್ರೇಲರ್ ಮೇಲೆ ಬರುತ್ತದೆ. ನೇರ ದಾರಿಗೆ 5-6 ಮೀಟರ್ ಅಗಲ ಸಾಕು, ತಿರುವಿನಲ್ಲಿ ಸಾಲದು. ಅಲ್ಲಿ ಮೂಲೆಯ ಹೊಲವೂ ಹೋಗುತ್ತದೆ, ಆ ಹೊಲದವರನ್ನು ಕೇಳುವುದು ಕೊನೆಗೆ. ಎರೆ ಮಣ್ಣು ಹಸಿಯಾದರೆ ಭಾರ ತಡೆಯುವುದಿಲ್ಲವಾದ್ದರಿಂದ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಸುರಿದು ಎರಡು ಮೂರು ಅಡಿ ಎತ್ತರಿಸಿ ರೋಲರ್ ಹೊಡೆಯುತ್ತಾರೆ. ಆಗ ಅದು ಬರೀ ದಾರಿಯಲ್ಲ, ಇಳಿಜಾರಿಗೆ ಅಡ್ಡ ಹಾಕಿದ ಒಡ್ಡು. ಮೇಲಿನ ಹೊಲದಲ್ಲಿ ನೀರು ನಿಂತು ಹಿಂಗಾರಿ ಕಡಲೆ, ಜೋಳದ ಬಿತ್ತನೆ ತಡವಾಗುತ್ತದೆ, ಬಿತ್ತಿದ್ದು ಕೊಳೆಯುತ್ತದೆ. ಒಡ್ಡು ಒಡೆದ ಕಡೆ ಕೆಳಗಿನ ಹೊಲ ಕೊಚ್ಚಿ ಹೋಗುತ್ತದೆ.

ಇದಕ್ಕೆ ಪರಿಹಾರ ಗರಸು ಬೀಳುವ ಮೊದಲೇ ಆಗಬೇಕು. ಮಳೆ ನೀರು ಎಲ್ಲೆಲ್ಲಿ ಹರಿಯುತ್ತದೆ ಅನ್ನುವುದು ನಿಮಗೆ ಗೊತ್ತು, ಎಂಜಿನಿಯರಿಗೆ ಗೊತ್ತಿಲ್ಲ. ಆ ಜಾಗಗಳಿಗೆ ಗೂಟ ಹೊಡೆದು ತೋರಿಸಿ, ಪ್ರತಿಯೊಂದಕ್ಕೂ ಹ್ಯೂಮ್ ಪೈಪ್ (ದಾರಿಯ ಅಡಿ ಹಾಕುವ ಸಿಮೆಂಟ್ ಕೊಳವೆ) ಕೇಳಿ. 600 ಮಿಲಿಮೀಟರಿಗಿಂತ ಸಣ್ಣದು ಬೇಡ, ಎರೆ ಮಣ್ಣಿಗೆ ಬೇಗ ಹೂಳುತ್ತದೆ. ಪೈಪಿನ ತಳ ಹೊಲದ ಮಟ್ಟದಲ್ಲೇ ಇರಲಿ. ಒಂದು ಗೇಣು ಮೇಲಿದ್ದರೆ ಆ ಗೇಣಿನಷ್ಟು ನೀರು ನಿಂತೇ ನಿಲ್ಲುತ್ತದೆ. ಹೂಳು ತೆಗೆಯುವ ಹೊಣೆ ಯಾರದು ಅನ್ನುವುದೂ ಕರಾರಿನಲ್ಲಿ ಬರಲಿ.

ಬುನಾದಿಯ ಲೆಕ್ಕವೂ ತಿಳಿದಿರಲಿ. 3 ಮೆಗಾವ್ಯಾಟ್ ಯಂತ್ರಕ್ಕೆ ಸುಮಾರು 20 ಮೀಟರ್ ಅಗಲ, 3 ಮೀಟರ್ ಆಳದ ಗುಂಡಿ, 400ರಿಂದ 600 ಘನ ಮೀಟರ್ ಕಾಂಕ್ರೀಟ್. ಎರೆ ಮಣ್ಣು ಹಿಗ್ಗಿ ಕುಗ್ಗುವುದರಿಂದ ಗಟ್ಟಿ ಪದರ ಸಿಗುವವರೆಗೆ ಅಗೆಯುತ್ತಾರೆ. ಮೇಲಿನ ಎರಡು ಅಡಿ ಎರೆಯನ್ನು ಬೇರೆ ಗುಡ್ಡೆ ಹಾಕಿಸಿ. ಕೆಳಗಿನ ಗರಸಿನ ಜೊತೆ ಕಲೆತರೆ ಆ ಮಣ್ಣು ಮತ್ತೆ ಬೆಳೆಗೆ ಬರುವುದಿಲ್ಲ. ಕ್ರೇನ್ ನಿಂತ ಜಾಗ ಎಷ್ಟು ಗಟ್ಟಿಯಾಗುತ್ತದೆಂದರೆ ಸಾದಾ ನೇಗಿಲು ಇಳಿಯುವುದಿಲ್ಲ, ಆಳವಾಗಿ ಸೀಳಿಸಿ ಕೊಡಬೇಕೆಂದು ಬರೆಸಿ. ಫ್ಯಾನು ಹೊಲದ ನಟ್ಟನಡುವೆ ಬಂದರೆ ಉಳಿದ 4 ಎಕರೆ ಎರಡು ತುಂಡಾಗುತ್ತದೆ. ಬದುವಿನ ಕಡೆ ಕೆಲವು ಮೀಟರ್ ಸರಿಸಲು ಸಾಮಾನ್ಯವಾಗಿ ಸಾಧ್ಯ, ಆದರೆ ಬುನಾದಿಯ ಗುರುತು ಹಾಕುವ ಮೊದಲು ಮಾತ್ರ.

ಇನ್ನು ತಂತಿ. ಫ್ಯಾನಿನಿಂದ ಕಂಪನಿಯ ಸಬ್‌ಸ್ಟೇಷನ್‌ವರೆಗೆ 33 ಕೆವಿ, ಅಲ್ಲಿಂದ ಮುಂದೆ 220 ಕೆವಿ ಇರುವುದು ಸಾಮಾನ್ಯ. ಜಮೀನು ಕೊಡದವರ ಹೊಲದ ಮೇಲೂ ಇವು ಹೋಗುತ್ತವೆ, ಜಗಳ ಹುಟ್ಟುವುದು ಅಲ್ಲೇ. ಕೇಂದ್ರ ಇಂಧನ ಸಚಿವಾಲಯದ ಜೂನ್ 2024ರ ಮಾರ್ಗಸೂಚಿ ಪ್ರಕಾರ ಟವರ್ ಬುಡದ ಜಾಗಕ್ಕೆ ಜಮೀನಿನ ಬೆಲೆಯ 200%, ತಂತಿ ಕೆಳಗಿನ ಪಟ್ಟಿಗೆ 30% ಪರಿಹಾರ. 220 ಕೆವಿ ಪಟ್ಟಿಯ ಅಗಲ 35 ಮೀಟರ್. ನಿಮ್ಮ ಹೊಲದಲ್ಲಿ 100 ಮೀಟರ್ ಹಾದುಹೋದರೆ 3,500 ಚದರ ಮೀಟರ್, ಅಂದರೆ ಹತ್ತಿರಹತ್ತಿರ 35 ಗುಂಟೆ. ಎಕರೆಗೆ 10 ಲಕ್ಷ ಹಿಡಿದರೆ ಪರಿಹಾರ ಸುಮಾರು 2.6 ಲಕ್ಷ. ಬೆಳೆ, ಮರದ ಪರಿಹಾರ ಇದಕ್ಕೆ ಹೊರತು. ಇದು ಮಾರ್ಗಸೂಚಿ, ಆದ್ದರಿಂದ ರಾಜ್ಯದ ಆದೇಶ ಏನು ಹೇಳುತ್ತದೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಗಮನಿಸಿ, ಈ ದರ 66 ಕೆವಿ ಮತ್ತು ಮೇಲಿನ ಲೈನಿಗೆ. 33 ಕೆವಿ ಕಂಬಗಳು ಇದರೊಳಗೆ ಬರುವುದಿಲ್ಲ, ಅಲ್ಲಿ ನಿಮ್ಮ ಚೌಕಾಸಿಯೇ ಪರಿಹಾರ. "ಸರ್ಕಾರಿ ಲೈನು, ತಡೆಯುವ ಹಾಗಿಲ್ಲ" ಎಂದು ಯಾರಾದರೂ ಹೆದರಿಸಿದರೆ, ಬೇರೆಯವರ ಜಮೀನಿನ ಮೇಲೆ ಲೈನ್ ಎಳೆಯಲು 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಅಡಿ ಅಧಿಕಾರ ಕೊಟ್ಟ ಆದೇಶದ ಪ್ರತಿ ತೋರಿಸಿ ಅನ್ನಿ.

ಕಾಗದದಲ್ಲಿ ನಾನು ಮೊದಲು ನೋಡುವುದು ಮಾರಾಟವೋ ಲೀಸೋ ಎಂಬುದನ್ನು. ಲೀಸ್ ಆದರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ 1961ರ ಭೂ ಸುಧಾರಣಾ ಕಾಯ್ದೆಯ ನಿರ್ಬಂಧ ಇದೆ, ಹಾಗಾಗಿ ಯಾವ ಅನುಮತಿಯ ಮೇಲೆ ಲೀಸ್ ಎಂದು ಕೇಳಬೇಕು. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು, ಬಾಂಡ್ ಪೇಪರ್ ಮೇಲಿನ ಸಹಿ ಸಾಲದು. ನಿಮ್ಮ ಹೆಸರಲ್ಲೇ ಭೂ ಪರಿವರ್ತನೆ ಮಾಡಿಸಿ ಆಮೇಲೆ ಯೋಜನೆ ಕೈಬಿಟ್ಟರೆ, ಕೃಷಿಯೇತರವಾದ ಜಮೀನಿಗೆ ಬೆಳೆ ಸಾಲ ಸಿಗುವುದಿಲ್ಲ. ಮಾರಾಟವಾದರೆ 2 ಎಕರೆಗೆ 11ಇ ನಕ್ಷೆ (ಜಮೀನಿನ ಒಂದು ಭಾಗ ಮಾತ್ರ ಮಾರುವಾಗ ಬೇಕಾಗುವ ಸರ್ವೆ ನಕ್ಷೆ) ಬೇಕು. ಪಹಣಿಯ 11ನೇ ಕಾಲಂನಲ್ಲಿ ಸಾಲದ ಬೋಜಾ ಇದ್ದರೆ ಮೊದಲು ತೀರಿಸಬೇಕು. ಅಕ್ಕ ತಂಗಿಯರ ಸಹಿ ಬಿಟ್ಟು ಮಾಡಿದ ವ್ಯವಹಾರ ನಾಳೆ ಕೋರ್ಟಿಗೆ ಹೋಗುತ್ತದೆ. ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ. ಏನೇ ಆದರೂ ಏಜೆಂಟರ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ) ಕೊಡಬೇಡಿ. ಅವರು ಅದನ್ನೇ ಹಿಡಿದು ಕಂಪನಿಗೆ ಹೆಚ್ಚಿನ ದರಕ್ಕೆ ಮಾರುತ್ತಾರೆ, ನಡುವಿನ ಹಣ ನಿಮ್ಮದಾಗುವುದಿಲ್ಲ.

ಸದ್ದು, ನೆರಳಿನ ವಿಷಯ. 2016ರ ಕೇಂದ್ರ ಮಾರ್ಗಸೂಚಿ ಮನೆಗಳಿಂದ 500 ಮೀಟರ್ ದೂರ ಇರಬೇಕು ಅನ್ನುತ್ತದೆ. ಸಾರ್ವಜನಿಕ ರಸ್ತೆಯಿಂದ ಇರಬೇಕಾದ ದೂರ ಕಂಬದ ಎತ್ತರ, ಚಕ್ರದ ಅರ್ಧ ವ್ಯಾಸ, ಮತ್ತೆ 5 ಮೀಟರ್. ಮೇಲಿನ ಯಂತ್ರಕ್ಕೆ ಅದು 217 ಮೀಟರ್ ಆಗುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಮಿತಿ 45 ಡೆಸಿಬಲ್. ಅಳೆಯುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿ ಜೋರಿದ್ದಾಗ ಅಳೆಯಿರಿ, ಜನವರಿಯಲ್ಲಿ ಅಳೆದು ತೋರಿಸಿದರೆ ಒಪ್ಪಬೇಡಿ. ಬೆಳಿಗ್ಗೆ, ಸಂಜೆ ರೆಕ್ಕೆಯ ನೆರಳು ಮಿಣುಕುವುದು ಫ್ಯಾನಿನ ಪಶ್ಚಿಮ, ಪೂರ್ವ ದಿಕ್ಕಿನ ಕಡೆಯ ಮನೆಗಳಿಗೆ. ಹೊಲದಲ್ಲಿ ಮುಂದೆ ಮನೆ ಕಟ್ಟುವ ಯೋಚನೆ ಇದ್ದರೆ ಆ ಜಾಗವನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಊರಿಗೆ ಏನು ಸಿಗುತ್ತದೆ? ಕೆಲಸ ಕಡಿಮೆ: ಕಟ್ಟುವಾಗ ಕೂಲಿ, ಆಮೇಲೆ ಕೆಲವರಿಗೆ ಕಾವಲು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ, ಹಾಗಾಗಿ ಅದರಡಿ ಸಾರ್ವಜನಿಕ ಅಹವಾಲು ಸಭೆ ನಡೆಯುವುದಿಲ್ಲ. ಪಂಚಾಯ್ತಿಯೇ ಗ್ರಾಮ ಸಭೆ ಕರೆದು ಷರತ್ತು ಬರೆಸಬೇಕು. "ಸಿಎಸ್‌ಆರ್‌ನಲ್ಲಿ ಶಾಲೆ ಕಟ್ಟಿಸುತ್ತೇವೆ" ಎಂಬ ಮಾತಿಗೆ ತೂಕ ಕೊಡಬೇಡಿ. ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ, ಹಿಂದಿನ 3 ವರ್ಷದ ಸರಾಸರಿ ಲಾಭದ 2%. ಒಂದೇ ಯೋಜನೆಗೆಂದು ಹುಟ್ಟಿದ ಕಂಪನಿಗೆ ಮೊದಲ ವರ್ಷಗಳಲ್ಲಿ ಲಾಭವೇ ಕಾಣದಿರಬಹುದು, ಆಗ ಕೊಡಬೇಕಾದದ್ದೂ ಏನಿರುವುದಿಲ್ಲ. ಅದರ ಬದಲು ಊರ ರಸ್ತೆಯ ದುರಸ್ತಿ ಬರೆಸಿಕೊಳ್ಳಿ. ಟ್ರೇಲರ್ ಬರುವ ಮೊದಲು ರಸ್ತೆ, ಚರಂಡಿ, ಕುಡಿಯುವ ನೀರಿನ ಪೈಪು ಎಲ್ಲದರ ವಿಡಿಯೊ ತಾರೀಖಿನ ಸಮೇತ ಇಟ್ಟುಕೊಳ್ಳಿ, ಇಲ್ಲದಿದ್ದರೆ "ಮೊದಲೇ ಒಡೆದಿತ್ತು" ಅನ್ನುತ್ತಾರೆ.

ನೀವು ಲೀಸ್ ಕಡೆ ಹೋದರೆ ಇನ್ನೊಂದು ಕಲಂ ಬಿಡಬೇಡಿ. ಯಂತ್ರದ ಆಯಸ್ಸು 20-25 ವರ್ಷ. ಆಮೇಲೆ ಕಂಬ ಇಳಿಸಿ, ಬುನಾದಿಯನ್ನು ನೆಲದಿಂದ ಕನಿಷ್ಠ ಒಂದು ಮೀಟರ್ ಕೆಳಗಿನವರೆಗೆ ಒಡೆದು, ಎರೆ ಮಣ್ಣು ಮುಚ್ಚಿ ಕೊಡಬೇಕು, ಅದಕ್ಕೆ ಬ್ಯಾಂಕ್ ಗ್ಯಾರಂಟಿ ಇಡಬೇಕು, ಕಂಪನಿ ಕೈ ಬದಲಾದರೆ ಹೊಸಬರಿಗೂ ಈ ಷರತ್ತು ಅನ್ವಯಿಸಬೇಕು ಎಂದು ಬರೆಸಿ. ಕರಡನ್ನು ಕನ್ನಡದಲ್ಲಿ ಕೇಳಿ ಪಡೆದು, ಕೊಪ್ಪಳದಲ್ಲಿ ಕಂದಾಯ ಪ್ರಕರಣ ನೋಡುವ ವಕೀಲರಿಗೆ ತೋರಿಸುವವರೆಗೆ ಇಸಾರ ಮುಟ್ಟಬೇಡಿ.